ಗಲ್ಲಾ ಪುಸ್ತಕದಲ್ಲೇ ಹೊಗೆಯ ಲೆಕ್ಕ

ಗ್ಯಾಸ್, ಕರೆಂಟು, ಡೀಸೆಲ್‌ಗೆ ಎಷ್ಟು ಹೋಯಿತೆಂದು ನಾವು ಹೋಟೆಲಿನವರು ತಪ್ಪದೆ ಬರೆದಿಡುತ್ತೇವೆ. ನಾವು ಗಾಳಿಗೆ ಬಿಡುವ ಇಂಗಾಲದ ಲೆಕ್ಕವೂ ಅದೇ ಪುಸ್ತಕದಲ್ಲಿದೆ. ಆದರೆ ರೂಪಾಯಿ ನೋಡಿದರೆ ಅದು ತಿಳಿಯದು. ಸಿಲಿಂಡರ್ ದರ ತಿಂಗಳ ಮೊದಲ ತಾರೀಕಿಗೆ ಏರುತ್ತದೆ, ಇಳಿಯುತ್ತದೆ. ಒಳಗಿರುವುದು ಯಾವಾಗಲೂ 19 ಕಿಲೋ. ಆದ್ದರಿಂದ ಹಣದ ಪಕ್ಕದಲ್ಲಿ ಕಿಲೋ, ಯೂನಿಟ್, ಲೀಟರ್ ಬರೆಯಬೇಕು.

ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. (ಗಾಳಿಯ ಆಮ್ಲಜನಕ ಸೇರುವುದರಿಂದ ತೂಕ ಹೆಚ್ಚುತ್ತದೆ, ಲೆಕ್ಕ ತಪ್ಪಿದ್ದಲ್ಲ!) ಅಂದರೆ ಒಂದು ಸಿಲಿಂಡರಿಗೆ 57 ಕಿಲೋ, ಮನೆಯ 14.2 ಕಿಲೋ ಸಿಲಿಂಡರಿಗೆ ಸುಮಾರು 43. ಕರೆಂಟು ಯೂನಿಟ್ಟಿಗೆ ಸುಮಾರು 700 ಗ್ರಾಂ, ಏಕೆಂದರೆ ನಮ್ಮ ದೇಶದ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನದು. ಜನರೇಟರಿನ ಡೀಸೆಲ್ ಲೀಟರಿಗೆ 2.7 ಕಿಲೋ. ಹಾಲು, ಅಕ್ಕಿಯದ್ದು ಉದ್ದದ ಲೆಕ್ಕ, ಸದ್ಯ ಬಿಡೋಣ.

ದಿನಕ್ಕೆ ಮೂರು ಸಿಲಿಂಡರ್ ಉರಿಸುವ ಹೋಟೆಲಿಗೆ ತಿಂಗಳಲ್ಲಿ 5 ಟನ್ ದಾಟುತ್ತದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಗಿರಾಕಿಯಿಲ್ಲದೆ ಉರಿಯುವ ದೋಸೆ ಕಾವಲಿಯೂ ಅದರಲ್ಲೇ ಬಂತು. ವ್ಯಾಪಾರ ಹೆಚ್ಚಿದ ತಿಂಗಳು ಸಿಲಿಂಡರೂ ಹೆಚ್ಚು ಬೇಕು, ಅದು ಸಹಜ. ನೂರು ಬಿಲ್ಲಿಗೆ ಎಷ್ಟು ಕಿಲೋ ಗ್ಯಾಸ್ ಹೋಯಿತು ಎಂದು ಹಿಂದಿನ ತಿಂಗಳ ಜೊತೆ ಹೋಲಿಸಿ ನೋಡಿದರೆ, ದಂಡವಾದದ್ದು ಎಷ್ಟೆಂದು ಅಡುಗೆ ಭಟ್ಟರಿಗೂ ತೋರಿಸಬಹುದು.