ಘಟ್ಟದ ಮೇಲಿನ ನಮ್ಮ ರಾಜಧಾನಿ

ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಮಡಿಕೇರಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: ರಾಜಾಸೀಟಿನ ಸೂರ್ಯಾಸ್ತ, ಅಬ್ಬಿ ಜಲಪಾತ, ಬರುವಾಗ ಕಟ್ಟಿಸಿಕೊಂಡ ಒಂದಿಷ್ಟು ಕಿತ್ತಳೆ, ಕಾಫಿಪುಡಿ. ಇವು ಬೇಡವೆಂದು ಯಾರೂ ಹೇಳಲಾರರು. ಆದರೆ ತಂಪು ಗಾಳಿಗೆಂದು ನಾವು ಹತ್ತಿ ಹೋಗುವ ಈ ಊರು ಒಂದು ಕಾಲದಲ್ಲಿ ನಮ್ಮ ಸೀಮೆಯವರು ಕಂದಾಯ ಒಪ್ಪಿಸುತ್ತಿದ್ದ ಅರಸರ ರಾಜಧಾನಿ. ಅಮರಸುಳ್ಯ, ಬೆಳ್ಳಾರೆ, ಪಂಜ ಮೊದಲಾದ ಕಡೆಗಳು 1834ರವರೆಗೆ ಕೊಡಗಿನ ಹಾಲೇರಿ ಅರಸರ ಕೈಕೆಳಗಿದ್ದವು. ಆ ವರ್ಷ ಕುಂಪಣಿ ಸರಕಾರವು ಕೊಡಗನ್ನು ವಶಪಡಿಸಿಕೊಂಡು, ಘಟ್ಟದ ಕೆಳಗಿನ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಹಾಗಾಗಿ ಬೆಂಗಳೂರಿನಿಂದ ಬರುವ ಪ್ರವಾಸಿಗೆ ಮಡಿಕೇರಿ ಒಂದು ಗಿರಿಧಾಮವಾದರೆ, ನಿಮಗೆ ಅದು ಅಜ್ಜಂದಿರ ಕಾಲದ ಅರಮನೆಯ ಊರು.

ಸುಳ್ಯದಿಂದ ಸಂಪಾಜೆ, ಜೋಡುಪಾಲ, ಮದೆನಾಡಿನ ದಾರಿ ಸುಮಾರು 50 ಕಿಲೋಮೀಟರು. ಬೆಳಗಿನ ಬಸ್ಸು ಹಿಡಿದರೆ ಸಂಜೆಗೆ ಮನೆ ಸೇರಬಹುದು. ಆಷಾಢ, ಶ್ರಾವಣದ ಮಳೆಯಲ್ಲಿ ಮಾತ್ರ ಹೊರಡುವುದು ಬೇಡ. 2018ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತ ಗುಡ್ಡಗಳು ಜರಿದು ಮನೆಗಳೂ ಜೀವಗಳೂ ಹೋದದ್ದು ನಿಮ್ಮ ನೆನಪಿನಲ್ಲಿಯೇ ಇರಬೇಕು.

ಊರನ್ನು ಕಟ್ಟಿಸಿದವನು ಮುದ್ದುರಾಜ, 1681ರಲ್ಲಿ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತೆಂದು ಹೇಳುತ್ತಾರೆ. ನೀವು ಮೊದಲು ಕೋಟೆಗೇ ಹೋಗಿ. ಮುದ್ದುರಾಜನದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. ಒಳಗಿನ ಈಗಿನ ಅರಮನೆ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಹೊಸದಾಗಿ ಕಟ್ಟಿಸಿದ್ದು. ಎದುರಿನ ಗಡಿಯಾರದ ಗೋಪುರ ನೋಡಿ ಅರಸರ ಕಾಲದ್ದೆಂದು ತಿಳಿಯಬೇಡಿ. ಅದು 1933ರ ಸೇರ್ಪಡೆ. ಅರಸರು ಹೋದ ಮೇಲೆ ಇಲ್ಲಿ ಬಹುಕಾಲ ಸರಕಾರಿ ಕಚೇರಿಗಳು ನಡೆದವು. ಅರಮನೆ ಉಳಿದದ್ದು ಅದರಿಂದಲೇ, ಅಂದಗೆಟ್ಟದ್ದೂ ಸ್ವಲ್ಪಮಟ್ಟಿಗೆ ಅದರಿಂದಲೇ!

ಕೋಟೆಯ ಒಂದು ಮೂಲೆಯಲ್ಲಿ ಗಾರೆಯಿಂದ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಅರಸನೊಬ್ಬ ಸಿಟ್ಟಿನ ಭರದಲ್ಲಿ ಪಟ್ಟದಾನೆಗಳನ್ನು ಕೊಲ್ಲಿಸಿ, ಆಮೇಲೆ ಮರುಗಿ ಇವನ್ನು ಮಾಡಿಸಿದನೆಂಬ ಕತೆಯುಂಟು. ಕತೆ ನಿಜವೋ ಅಲ್ಲವೋ, ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಸಮೀಪದಲ್ಲೇ ಇಂಗ್ಲಿಷರ ಇಗರ್ಜಿಯ ಕಟ್ಟಡವುಂಟು. ಅದು ಎದ್ದದ್ದು ವೀರಭದ್ರ ದೇವಸ್ಥಾನವಿದ್ದ ಜಾಗದಲ್ಲಿ. ಈಗ ಅದು ಸರಕಾರಿ ವಸ್ತುಸಂಗ್ರಹಾಲಯ. ಹಳೆಯ ಶಿಲ್ಪಗಳನ್ನೂ ಆಯುಧಗಳನ್ನೂ ಇಟ್ಟಿದ್ದಾರೆ. ರಜೆಯ ದಿನ ಯಾವುದೆಂದು ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು.

ಆದರೆ ಈ ಕೋಟೆಯಲ್ಲಿ ನಮ್ಮವರು ತುಸು ಹೊತ್ತು ನಿಲ್ಲಬೇಕಾದ ಕಾರಣ ಬೇರೆಯೇ ಇದೆ. ಅರಸರ ಕಾಲದಲ್ಲಿ ನಮ್ಮ ರೈತ ಕಂದಾಯವನ್ನು ಬೆಳೆದ ಬೆಳೆಯಲ್ಲಿಯೇ ಸಲ್ಲಿಸುತ್ತಿದ್ದ. ಕುಂಪಣಿಯವರು ನಗದು ಹಣ ಕೇಳಿದರು. ಭತ್ತ, ಅಡಿಕೆ ಕೈಯಲ್ಲಿದ್ದರೂ ನಾಣ್ಯವಿಲ್ಲದವನು ಎಲ್ಲಿಗೆ ಹೋಗಬೇಕು? 1837ರಲ್ಲಿ ಸುಳ್ಯದ ಸೀಮೆ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ಮುಂದೆ ನಿಂತರು. ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಪುಟ್ಟಬಸಪ್ಪನನ್ನು ನಾಯಕನೆಂದು ಸಾರಿದರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ದಂಡು ಪುತ್ತೂರನ್ನು ದಾಟಿ ಏಪ್ರಿಲ್ 5ರಂದು ಮಂಗಳೂರು ಸೇರಿತು. ಸುಮಾರು ಎರಡು ವಾರ ಆ ಪಟ್ಟಣ ಅವರ ಕೈಯಲ್ಲಿತ್ತು. ಆಮೇಲೆ ಕುಂಪಣಿಯ ಸೈನ್ಯ ಬಂತು, ಗಲ್ಲುಗಳು ಎದ್ದವು. ದಂಗೆಯ ಮುಖಂಡರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಈ ಮಡಿಕೇರಿ ಕೋಟೆಯಲ್ಲಿ. ಊರೊಳಗೆ ಅವರ ಪ್ರತಿಮೆಯುಂಟು. ರಾಜಾಸೀಟಿನ ಅವಸರದಲ್ಲಿ ಅದನ್ನು ನೋಡದೆ ಹೋಗುವವರೇ ಬಹಳ. ಸುಬ್ರಹ್ಮಣ್ಯದ ಹತ್ತಿರದ ಕುಳಕುಂದದವರಾದ ನಿರಂಜನರು ಈ ದಂಗೆಯ ಮೇಲೆ ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದಿದ್ದಾರೆ. ಪ್ರಯಾಣಕ್ಕೆ ಮೊದಲು ಓದಿಕೊಂಡರೆ ಕೋಟೆಯ ಕಲ್ಲುಗಳು ನಿಮ್ಮೊಡನೆ ಮಾತನಾಡಿಯಾವು.

ಕೋಟೆಯಿಂದ ಇಳಿದರೆ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಮ್ಮ ಪುತ್ತೂರಿನ ಮಹಾಲಿಂಗೇಶ್ವರನ ಗುಡಿಯನ್ನು ನೋಡಿದ ಕಣ್ಣಿಗೆ ಇದು ಅಚ್ಚರಿಯೇ ಸರಿ: ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರುಗಳು, ಒಳಗೆ ಶಿವಲಿಂಗ. ಎದುರು ಕೆರೆ, ಕೆರೆಯ ನಡುವೆ ಮಂಟಪ. ಸಾಯಂಕಾಲ ನೀರಿನಲ್ಲಿ ಗುಮ್ಮಟದ ನೆರಳು ಬೀಳುವ ಹೊತ್ತಿಗೆ ಹೋದರೆ ರಾಜಾಸೀಟನ್ನು ತಪ್ಪಿಸಿಕೊಂಡ ಬೇಸರ ಉಳಿಯದು. ಇದೇ ಬಗೆಯ ಗುಮ್ಮಟಗಳು ಊರ ಅಂಚಿನ ಗದ್ದಿಗೆಯಲ್ಲಿಯೂ ಇವೆ. ಅಲ್ಲಿ ದೊಡ್ಡವೀರರಾಜೇಂದ್ರ, ರಾಣಿ ಮಹಾದೇವಮ್ಮಾಜಿ, ಲಿಂಗರಾಜೇಂದ್ರ ಇವರ ಸಮಾಧಿಗಳಿವೆ. ಕೊನೆಯ ಅರಸನಿಗೆ ಮಾತ್ರ ಅಲ್ಲಿ ಸ್ಥಳವಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಆತನ ಕತೆ ಗೊತ್ತು: ರಾಜ್ಯ ಹೋಗಿ ಕಾಶಿ ಸೇರಿದ, ಮಗಳು ಗೌರಮ್ಮನನ್ನು ಕರೆದುಕೊಂಡು ಕಡಲು ದಾಟಿದ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಒಳ್ಳೆಯ ಅರಸನೆಂದು ಅವನನ್ನು ಹೊಗಳುವವರು ಕಡಿಮೆ. ಆದರೂ ಅವನ ಕಾಲ ಮುಗಿದ ಮೂರೇ ವರ್ಷಗಳಲ್ಲಿ ನಮ್ಮ ರೈತರು ಅರಸರ ಮನೆತನದ ಹೆಸರು ಹೇಳಿಕೊಂಡೇ ಆಯುಧ ಹಿಡಿದರು ಎಂಬುದು ಯೋಚಿಸತಕ್ಕ ಸಂಗತಿ.

ಮಡಿಕೇರಿಯ ಪೇಟೆಯಲ್ಲಿ ನಡೆಯುವಾಗ ಕಿವಿಯನ್ನೂ ತೆರೆದಿಡಿ. ಕೊಡವ ಭಾಷೆ, ಮಲಯಾಳ, ತುಳುವಿನ ನಡುವೆ ನಿಮ್ಮ ಸುಳ್ಯದ ಅರೆಭಾಷೆಯೇ ಕೇಳಿಬಂದೀತು. ಅರೆಭಾಷೆಯ ಸಂಸ್ಕೃತಿ ಮತ್ತು ಸಾಹಿತ್ಯಕ್ಕೆ 2011ರಲ್ಲಿ ಸ್ಥಾಪನೆಯಾದ ಅಕಾಡೆಮಿಯ ಕಚೇರಿ ಇರುವುದೂ ಈ ಊರಿನಲ್ಲಿಯೇ. ದಸರಾ ಸಮಯಕ್ಕೆ ಹೋಗುವವರು ಹಗಲಿಗಿಂತ ರಾತ್ರಿಗೆ ಸಿದ್ಧರಾಗಿ ಹೋಗಿ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಬೆಳಗಿನ ಜಾವದವರೆಗೂ ಬೀದಿಯಲ್ಲಿರುತ್ತವೆ. ಹೊದೆಯಲು ಕಂಬಳಿ, ಉಳಿಯಲು ನೆಂಟರ ಮನೆ, ಎರಡನ್ನೂ ಮೊದಲೇ ನೋಡಿಕೊಳ್ಳಿ.

ಘಟ್ಟ ಇಳಿದು ಸುಳ್ಯಕ್ಕೆ ಬಂದ ಮೇಲೆ ಪುತ್ತೂರು, ಕಡಬದ ಕಡೆ ಹೋಗುವವರಿಗೆ ಇನ್ನೂ ಹೊತ್ತಿದ್ದರೆ ಬೆಳ್ಳಾರೆಯ ಮೇಲಾಗಿ ಹೋಗಬಹುದು. ಅಲ್ಲಿನ ಬಂಗ್ಲೆಗುಡ್ಡೆಯಲ್ಲಿ ಆ ಹಳೆಯ ಖಜಾನೆಯ ಕಟ್ಟಡವುಂಟು. ನೋಡಲು ಹತ್ತು ನಿಮಿಷ ಸಾಕು.