ಬಿಳಿ ರೆಕ್ಕೆಯ ಪಕ್ಕದಲ್ಲಿ ಕೆಂಡದ ಕೊಳವೆ

ಏಪ್ರಿಲ್ ಮಧ್ಯಾಹ್ನ ಸಿರುಗುಪ್ಪದ ಬಳಿಯ ಕೆಂಚನಗುಡ್ಡದಲ್ಲಿ ತುಂಗಭದ್ರೆಯ ದಂಡೆಯ ಬಂಡೆ ಮೇಲೆ ಬರಿಗಾಲಿಟ್ಟವರಿಗೆ ಬಿಸಿಲೆಂದರೇನು ಎಂದು ಹೇಳಬೇಕಿಲ್ಲ. ಲೆಕ್ಕದಲ್ಲಿ ಅದು ಚದರ ಮೀಟರಿಗೆ ಸುಮಾರು 1 ಕಿಲೋವಾಟ್. ಕೆಲವು ವಿಮಾನಗಳು ಇಷ್ಟಕ್ಕೇ ಹೆದರುತ್ತವೆ.

ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನ ಅಂಥದೊಂದು. ಮನೆಯ ಶೆಡ್ಡಿನಲ್ಲೇ ವಿಮಾನ ಕಟ್ಟಿಕೊಳ್ಳುವವರಿಗೆಂದು ಅಮೆರಿಕದ ಬರ್ಟ್ ರೂಟಾನ್ ರೂಪಿಸಿದ ಲಾಂಗ್-ಈಝಡ್ ಅದರ ಮೂಲ. ಮೈಯೆಲ್ಲ ಫೋಮ್, ಗಾಜಿನ ನಾರು, ಎಪಾಕ್ಸಿ ಅಂಟು. ಶೆಡ್ಡಿನಲ್ಲಿ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಮೆತ್ತಗಾಗತೊಡಗುತ್ತದೆ. ಇಂಥ ವಿಮಾನಗಳಿಗೆ ಬಿಳಿ ಬಣ್ಣ ಬಳಿಯುವುದು ಅಂದಕ್ಕಲ್ಲ.

ಈಗ ಎಂಜಿನ್ನಿನ ಕಡೆ ಬನ್ನಿ. ಹೊರಬೀಳುವ ಹೊಗೆಯ ಬಿಸಿ 700ರಿಂದ 850 ಡಿಗ್ರಿ. ಆ ಹೊಗೆಯನ್ನು ಹೊರಗೆ ಸಾಗಿಸುವ ಉಕ್ಕಿನ ಕೊಳವೆಯ ಮೈ 600 ಡಿಗ್ರಿಗೆ ಕಾದರೆ ಚದರ ಮೀಟರಿಗೆ 30 ಕಿಲೋವಾಟ್ ಆಸುಪಾಸು ಶಾಖ ಸೂಸಬಲ್ಲದು. ಎಪಾಕ್ಸಿಯಿಂದ ಒಂದು ಗೇಣು ದೂರದಲ್ಲಿ ಮೂವತ್ತು ಸೂರ್ಯರು!

ಸಿರುಗುಪ್ಪದ ರೈಸ್ ಮಿಲ್ಲಿನವರಿಗೆ ಥಟ್ಟನೆ ಹೊಳೆಯುವ ಉಪಾಯವೊಂದಿದೆ: ಹಬೆಯ ಪೈಪಿಗೆ ಸುತ್ತಿದಂತೆ ಇದಕ್ಕೂ ಏನನ್ನಾದರೂ ಸುತ್ತಿಬಿಡುವುದು. ಎಪಾಕ್ಸಿ ಉಳಿಯುತ್ತದೆ, ನಿಜ. ಆದರೆ ಹೊರಗೆ ದಾರಿ ಕಾಣದ ಶಾಖ ಉಕ್ಕಿನಲ್ಲೇ ನಿಲ್ಲುತ್ತದೆ. ಕೊಳವೆ ಹೊಗೆಯಷ್ಟೇ ಬಿಸಿಯಾಗಿ, ಸಿಪ್ಪೆ ಎದ್ದು, ಬಿರುಕು ಬಿಡುತ್ತದೆ. ಚಳಿಗೆಂದು ಆ ಕೊಳವೆಯ ಸುತ್ತಲಿನ ಗಾಳಿಯನ್ನೇ ಕಾಕ್‌ಪಿಟ್ಟಿಗೆ ತಂದುಕೊಂಡಿದ್ದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಬರುತ್ತದೆ.

ಹೊರಗೆ ಸುತ್ತುವ ಬದಲು ಕೊಳವೆಯ ಒಳಮೈಗೆ ಶಾಖ ತಡೆಯುವ ಲೇಪ ಬಳಿದರೆ ಕಥೆಯೇ ಬೇರೆ. ಶಾಖ ಉಕ್ಕಿಗೆ ಇಳಿಯುವುದೇ ಕಡಿಮೆ, ಹೊಗೆ ತನ್ನ ಬಿಸಿಯನ್ನು ತಾನೇ ಹೊತ್ತು ಹೊರಗೆ ಹೋಗುತ್ತದೆ. ಜೆಟ್ ಎಂಜಿನ್ನಿನ ಅಲಗುಗಳಿಗೆ ಬಳಿಯುವ, ಇಟ್ರಿಯಾ ಬೆರೆಸಿದ ಜಿರ್ಕೋನಿಯಾ ಇದಕ್ಕೆ ಹೆಸರಾದದ್ದು. ತೊಡಕು ಹಿಗ್ಗುವಿಕೆಯಲ್ಲಿದೆ. 600 ಡಿಗ್ರಿ ಏರಿದಾಗ ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆ 10 ಮಿಲಿಮೀಟರ್ ಹಿಗ್ಗಿದರೆ ಜಿರ್ಕೋನಿಯಾ ಸುಮಾರು 6 ಮಾತ್ರ. ನಡುವೆ ನಿಕ್ಕಲ್ ಮಿಶ್ರಲೋಹದ ಅಸ್ತರಿ ಕೊಡದಿದ್ದರೆ ಹಳೆಯ ಗೋಡೆಯ ಸುಣ್ಣದಂತೆ ಉದುರುತ್ತದೆ. ಬಾಗಿದ ಕೊಳವೆಯ ಒಳಗೆ ಈ ಲೇಪ ಸಿಂಪಡಿಸುವ ಪ್ಲಾಸ್ಮಾ ಗನ್ನಿನ ಮೂತಿ ತೂರುವುದೂ ಇಲ್ಲ.

ನನ್ನನ್ನು ಕೇಳಿದರೆ, ಶೆಡ್ಡಿನಲ್ಲಿ ಕಟ್ಟುವವರು ಮೊದಲು ನೋಡಬೇಕಾದದ್ದು ಬೈಕಿನ ಸೈಲೆನ್ಸರನ್ನು. ಕಾಲು ಸುಡದಂತೆ ಅದರ ಮೇಲೊಂದು ಹೊಳೆಯುವ ತಗಡು, ನಡುವೆ ಬೆರಳು ತೂರುವಷ್ಟು ಸಂದು, ಸಂದಿನಲ್ಲಿ ಓಡುವ ಗಾಳಿ.