ಬೆಸುಗೆಯ ತಂತಿಯಲ್ಲಿರುವ ಸೀಸ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ನಮ್ಮ ಹಿರಿಯರು ಎದುರಿಗೇ ಕುಳಿತು ನೋಡುತ್ತಿದ್ದರು. ಶುದ್ಧ ತವರ ದುಬಾರಿ. ಅದಕ್ಕೆ ಸೀಸ ಬೆರೆಸಿದರೆ ಹಾಕುವವನಿಗೆ ಲಾಭ, ಉಣ್ಣುವವರಿಗೆ ಕೇಡು ಎಂದು ಅವರು ಬಲ್ಲರು. ಕಲಾಯಿ ಹೋಗಿ ಸ್ಟೀಲ್ ಬಂತು. ಆದರೆ ಅದೇ ತವರ-ಸೀಸದ ಜೋಡಿ ರೇಡಿಯೋ, ಟಿ.ವಿ., ಇನ್ವರ್ಟರ್‌ಗಳ ಬೆಸುಗೆಯಾಗಿ ಮತ್ತೆ ನಮ್ಮ ಮನೆ ಸೇರಿತು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿಯ ಬೀದಿಗಳಿಗೆ ನುಗ್ಗಿದಾಗ ನೆನೆದು ಕೆಟ್ಟ ಸಾಮಾನು ಅಷ್ಟಿಷ್ಟಲ್ಲ. ಆ ಮಳೆಗಾಲ ಕಳೆದ ಮೇಲೆ ಮಿರಜದ ಒಂದು ಮನೆಗೆ ಹೋಗಿದ್ದೆವು. ಪಡಸಾಲೆಯ ತುಂಬ ಟಿ.ವಿ. ಬೋರ್ಡುಗಳು, ಹೊಲದ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಗಳು. ರಿಪೇರಿ ಕಲಿತ ಕಿರಿಯ ಮಗ ಒಂದು ಕೈಯಲ್ಲಿ ಐರನ್, ಇನ್ನೊಂದರಲ್ಲಿ ಬೋರ್ಡು ಹಿಡಿದು, ಸೋಲ್ಡರ್ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಅವನ ಕಾಲ ಬಳಿ ಅಣ್ಣನ ಕೂಸು ಅಂಬೆಗಾಲಿಡುತ್ತಿತ್ತು. "ಈ ಹೊಗಿ ಕೂಸಿಗೆ ಏನೂ ಆಗೂದಿಲ್ಲೇನ್ರಿ?" ಎಂದು ಅದರ ತಾಯಿ ಕೇಳಿದರು. ಅಂದು ನಮ್ಮ ಬಳಿ ಸರಿಯಾದ ಉತ್ತರವಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಳೆಯ ಬಗೆಯ ಸೋಲ್ಡರ್ ತಂತಿಯಲ್ಲಿ ನೂರಕ್ಕೆ 60 ಅಥವಾ 63 ಪಾಲು ತವರ, ಉಳಿದದ್ದು ಸೀಸ. 63 ಪಾಲಿನದು 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ನೀರಿನಂತೆ ಹರಿಯುತ್ತದೆ. ಎದ್ದ ಹೊಗೆಯೇ ಸೀಸ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸೀಸ ಕುದಿಯಲು 1,700 ಡಿಗ್ರಿಗೂ ಮೇಲೆ ಬೇಕು. ಐರನ್ನಿನ ಮೊನೆ 350ರ ಆಸುಪಾಸು. ಆ ಬಿಳಿ ಹೊಗೆ ತಂತಿಯ ಒಳಗಿರುವ ರಾಳದ್ದು. ಅದೂ ಸಾಧುವಲ್ಲ, ದಿನವೂ ಎಳೆದುಕೊಂಡವರಿಗೆ ದಮ್ಮು ಬರಬಹುದು. ಆದರೆ ಸೀಸದ ದಾರಿಯೇ ಬೇರೆ: ಕೈಯಿಂದ ಬಾಯಿಗೆ. ತಂತಿ ಹಿಡಿದ ಬೆರಳಿನಿಂದ ರೊಟ್ಟಿ ಮುರಿಯುವುದು, ಅದೇ ಅಂಗೈಯಲ್ಲಿ ತಂಬಾಕು ತಿಕ್ಕುವುದು, ಐರನ್ ಕೊಡವಿದಾಗ ನೆಲಕ್ಕೆ ಬಿದ್ದ ಹನಿ ಮತ್ತು ಬೂದಿ ಕೂಸಿನ ಅಂಗೈಗೆ ಅಂಟುವುದು. ಹಲ್ಲಲ್ಲಿ ಕಚ್ಚುವುದಂತೂ ನೇರ ದಾರಿ.

ದೊಡ್ಡವರಿಗಿಂತ ಚಿಕ್ಕ ಮಕ್ಕಳ ಕರುಳು ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಕೂಡಲೇ ಜ್ವರವಿಲ್ಲ, ವಾಂತಿಯಿಲ್ಲ. ಮಗು ಕಲಿಕೆಯಲ್ಲಿ ಹಿಂದೆ ಬೀಳುತ್ತದೆ, ದಡ್ಡನೆಂದು ಬೈಸಿಕೊಳ್ಳುತ್ತದೆ. ಇಷ್ಟು ಸೀಸ ನಿರಪಾಯ ಎಂಬ ಮಿತಿಯೇ ತಿಳಿದಿಲ್ಲ. ಮೂಳೆಯಲ್ಲಿ ವರ್ಷಗಟ್ಟಲೆ ಉಳಿದು, ಹೆಣ್ಣುಮಗಳು ಬಸುರಿಯಾದಾಗ ಹೊರಬಂದು ಗರ್ಭಕ್ಕೂ ಸೇರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ನಮ್ಮ ದೇಶದಲ್ಲಿ ಈ ವಿಷಯವನ್ನು ಜನರ ಮುಂದಿಟ್ಟವರಲ್ಲಿ ಪ್ರಮುಖರು. ಅನುಮಾನವಿದ್ದರೆ ರಕ್ತ ಪರೀಕ್ಷೆಯೊಂದೇ ಉಪಾಯ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ದೇಹ ಸೀಸವನ್ನು ಹೆಚ್ಚು ಹೀರುವುದರಿಂದ ನುಗ್ಗೆಸೊಪ್ಪು, ಎಳ್ಳು, ಹಾಲು ಮನೆಯಲ್ಲಿರಲಿ.

ಯುರೋಪಿನ ದೇಶಗಳು 2006ರ ಜುಲೈ 1ರಿಂದ ಹೊಸ ವಿದ್ಯುನ್ಮಾನ ವಸ್ತುಗಳಲ್ಲಿ ಸೀಸದ ಬೆಸುಗೆಯನ್ನು ಬಹುಮಟ್ಟಿಗೆ ನಿಲ್ಲಿಸಿದವು. ನಮ್ಮಲ್ಲಿ 2011ರ ಇ-ತ್ಯಾಜ್ಯ ನಿಯಮದಂತೆ 2014ರ ಮೇ ತಿಂಗಳಿಂದ ಟಿ.ವಿ., ಫೋನ್, ಕಂಪ್ಯೂಟರ್‌ಗಳಲ್ಲಿ ಸೀಸಕ್ಕೆ ತೂಕದ ಶೇ. 0.1ರ ಮಿತಿ ಬಂತು. ಆದರೆ ಇದು ತಯಾರಕರಿಗೆ ಹೇಳಿದ ಮಾತು. ರಿಪೇರಿಯವನಿಗೆ ಸೀಸದ ತಂತಿ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಅಗ್ಗವೂ ಹೌದು.

ಸೀಸವಿಲ್ಲದ ತಂತಿಯಲ್ಲಿ ಸಾಮಾನ್ಯವಾದದ್ದು ತವರ 96.5, ಬೆಳ್ಳಿ 3, ತಾಮ್ರ 0.5 ಪಾಲಿನದು, ಬೆಳ್ಳಿಯಿಂದಾಗಿ ಬೆಲೆ ಹೆಚ್ಚು. ತವರ 99.3, ತಾಮ್ರ 0.7ರದ್ದು ಅಗ್ಗ. ಮೊದಲನೆಯದು ಸುಮಾರು 217 ಡಿಗ್ರಿಗೆ, ಎರಡನೆಯದು 227ಕ್ಕೆ ಕರಗುತ್ತದೆ. ಹುಡುಗರು ಸೋಲುವುದು ಇಲ್ಲಿಯೇ. ಹಳೆಯ ಸಾದಾ ಐರನ್ನಿನಲ್ಲಿ ತಂತಿ ಸರಿಯಾಗಿ ಹರಿಯದು. ಬೆಸುಗೆ ಮಂಕಾಗಿ ಕಂಡಾಗ ಹಿಡಿದಿಲ್ಲವೆಂದು ಮತ್ತೆ ಮತ್ತೆ ಕಾಯಿಸುತ್ತಾರೆ, ಬೋರ್ಡಿನ ತಾಮ್ರದ ಪಟ್ಟಿಯೇ ಎದ್ದುಬರುತ್ತದೆ. ಮಂಕು ಈ ಲೋಹದ ಸ್ವಭಾವ, ತಪ್ಪಲ್ಲ. ಉಷ್ಣ ಹಿಡಿತದಲ್ಲಿಡುವ ಐರನ್ನಿಗೆ ಮೊದಲು ಹಣ ಹಾಕಿ, ಆಮೇಲೆ ತಂತಿ ಬದಲಿಸುವುದು ಲೇಸು. ಇನ್ನೊಂದು ತೊಡಕೂ ಉಂಟು: ಬರೀ ತವರದ ಲೇಪದಿಂದ ಕೂದಲಿಗಿಂತ ತೆಳುವಾದ ಎಳೆಗಳು ತಾವಾಗಿ ಬೆಳೆದು ಶಾರ್ಟ್ ಆಗುವುದುಂಟು. 1998ರಲ್ಲಿ ಅಮೆರಿಕದ ಗ್ಯಾಲಕ್ಸಿ 4 ಉಪಗ್ರಹ ಕೆಟ್ಟದ್ದು ಇಂಥ ಎಳೆಗಳಿಂದಲೇ ಎನ್ನುತ್ತಾರೆ. ನಮ್ಮ ಪಂಪಿನ ಸ್ಟಾರ್ಟರಿಗೆ ಆ ಚಿಂತೆ ಬೇಕಿಲ್ಲ.

ತಂತಿ ಬದಲಿಸಿದರೂ ರಾಳದ ಹೊಗೆ ಇದ್ದೇ ಇರುತ್ತದೆ. ಕಿಟಕಿ ತೆರೆದಿರಲಿ, ಸಣ್ಣ ಫ್ಯಾನು ಹೊಗೆಯನ್ನು ಮುಖದಿಂದ ಆಚೆಗೆ ಎಳೆಯುವಂತಿರಲಿ. ಹಳೆಯ ಬೋರ್ಡು ಬಿಚ್ಚುವಾಗ ಸೀಸ ಹೇಗೂ ಕೈಗೆ ಬರುತ್ತದೆ, ಆದ್ದರಿಂದ ಊಟಕ್ಕೆ ಮುಂಚೆ ಸಾಬೂನು ಹಾಕಿ ಕೈ ತೊಳೆಯಿರಿ. ನೆಲವನ್ನು ಗುಡಿಸಿ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಕೆಟ್ಟ ಬೋರ್ಡನ್ನು ತಾಮ್ರದ ಆಸೆಗೆ ಸುಟ್ಟು ಬೂದಿಯನ್ನು ತಿಪ್ಪೆಗೆ ಚೆಲ್ಲುವವರಿದ್ದಾರೆ. ಸೀಸ ಕೊಳೆಯುವುದಿಲ್ಲ, ಗೊಬ್ಬರದೊಂದಿಗೆ ಹೊಲಕ್ಕೆ ಹೋದದ್ದು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬೋರ್ಡುಗಳನ್ನು ಚೀಲದಲ್ಲಿ ಕೂಡಿಟ್ಟು ಇ-ತ್ಯಾಜ್ಯ ಕೊಳ್ಳುವ ಪರವಾನಗಿ ಇದ್ದವರಿಗೇ ಕೊಡಿರಿ.

ಆ ಮಿರಜದ ಮನೆಗೆ ಮತ್ತೆ ಹೋಗಿ ಇಷ್ಟನ್ನೂ ಹೇಳಿದೆವು. ಮೇಜು ಪಡಸಾಲೆಯಿಂದ ಹಿತ್ತಲ ಕೋಣೆಗೆ ಹೋಗಿದೆ, ಬಾಗಿಲಿಗೆ ಅಗಳಿ ಬಿದ್ದಿದೆ. ಸೀಸದ ತಂತಿಯ ಅರ್ಧ ಸುರುಳಿ ಇನ್ನೂ ಉಳಿದಿದೆಯಂತೆ. ಅದು ಮುಗಿದ ಮೇಲೆ ಹೊಸದು ತರುತ್ತೇನೆ ಎಂದ ಹುಡುಗ. ಅಲ್ಲಿಯವರೆಗೆ ಹಲ್ಲಲ್ಲಿ ಕಚ್ಚಬೇಡಪ್ಪಾ ಎಂದು, ತಂತಿ ಹಿಡಿಯುವ ಒಂದು ಸಣ್ಣ ಸ್ಟ್ಯಾಂಡ್ ಕೊಟ್ಟು ಬಂದೆವು.